ಹೆಸರಿಗಾಗಿ ಕಾದ ಕಪಿಲೆಯ ಮೀನು

ಮೈಸೂರಿನಿಂದ ದಕ್ಷಿಣಕ್ಕೆ 23 ಕಿ.ಮೀ. ಸಾಗಿದರೆ ನಂಜನಗೂಡು. ಊರು ಸೇರುವ ಮುನ್ನವೇ ಕಪಿಲಾ ನದಿ ಎದುರಾಗುತ್ತದೆ. ಅದಕ್ಕೆ ಅಡ್ಡಲಾಗಿ 1735ರಲ್ಲಿ ಕಟ್ಟಿದ್ದೆಂದು ಹೇಳುವ ಕಲ್ಲಿನ ಹಳೆಯ ಸೇತುವೆ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಗೋಪುರದತ್ತ ನಡೆಯುತ್ತಾರೆ. ಆಳೆತ್ತರದ ಭಾರೀ ಮೀನು ಇದೇ ನದಿಯಲ್ಲಿ ಬಾಳಿತ್ತೆಂಬುದು ಎಷ್ಟು ಜನಕ್ಕೆ ಗೊತ್ತು?

ಕಪಿಲೆ ಎಂದರೆ ಕಬಿನಿಯೇ. ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುವುದರಲ್ಲಿ ಹೆಸರಾಗಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್, 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಕೆಡವಿದ ಮಹಶೀರ್ ಮೀನಿನ ತೂಕ 120 ಪೌಂಡ್. ಅಂದರೆ ಸುಮಾರು 54 ಕಿಲೋ! ಗೂನು ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ ಕಾವೇರಿ ಕಣಿವೆಯ ಈ ಮಹಶೀರ್‌ನ ಗುರುತು. ಗಾಳದ ಶೋಕಿಯ ಸಾಹೇಬರು 19ನೇ ಶತಮಾನದಿಂದಲೇ ಇದರ ಬೆನ್ನು ಹತ್ತಿದ್ದರು. ಆದರೂ ವಿಜ್ಞಾನದ ಪಟ್ಟಿಯಲ್ಲಿ ಇದಕ್ಕೆ ಸರಿಯಾದ ಹೆಸರಿರಲಿಲ್ಲ.

ಹೊಸ ಪ್ರಭೇದವೆಂದು ಸಾರುವುದು ಸುಲಭವಲ್ಲ. ಮಾದರಿಯೊಂದನ್ನು ಕಾಪಿಟ್ಟು, ಅಂಗಾಂಗ ಅಳೆದು, ಮೀನಾದರೆ ಹುರುಪೆ ಎಣಿಸಿ, ಸೋದರ ಪ್ರಭೇದಗಳಿಗಿಂತ ಹೇಗೆ ಬೇರೆ ಎಂದು ತೋರಿಸಬೇಕು. ಶಿವಾಲಿಕ್ ಬೆಟ್ಟಗಳ ಕತ್ತಿಹಲ್ಲಿನ ಬೆಕ್ಕಿಗೆ ಹೆಸರು ಬಂದದ್ದು ಅದು ಅಳಿದು ಲಕ್ಷಾಂತರ ವರ್ಷಗಳಾದ ಮೇಲೆ, ಕಲ್ಲಾದ ಎಲುಬುಗಳಿಂದ. ಕಾವೇರಿಯ ಮೀನೂ ಅದೇ ದಾರಿ ಹಿಡಿಯುವುದರಲ್ಲಿತ್ತು.

ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ವಿಜ್ಞಾನಿಗಳು 2007ರಲ್ಲಿ 'ಟಾರ್ ರೆಮಾದೇವಿಐ' ಎಂಬ ಪ್ರಭೇದವನ್ನು ಹೆಸರಿಸಿದ್ದರು. ಮೀನು ತಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಮೊಯಾರ್ ನದಿಯ ಗೂನುಬೆನ್ನಿನ ಮೀನುಗಳ ರೂಪ, ವಂಶವಾಹಿಗಳನ್ನು ಹೋಲಿಸಿದಾಗ ಎರಡೂ ಒಂದೇ ಎಂದು 2018ರಲ್ಲಿ ಖಚಿತವಾಯಿತು. ಹೆಸರಿಲ್ಲದ ಜೀವಿಗೆ ಅಪಾಯದ ಪಟ್ಟಿಯಲ್ಲೂ ಜಾಗವಿಲ್ಲ. ಹೆಸರು ಸಿಕ್ಕ ಅದೇ ವರ್ಷ ಈ ಮೀನು 'ತೀವ್ರ ಅಳಿವಿನಂಚಿನಲ್ಲಿದೆ' ಎಂದು ಘೋಷಿತವಾಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಸಾಲದೆಂಬಂತೆ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕೂಡ ಇದರ ನೆಲೆಯನ್ನು ಆಕ್ರಮಿಸಿತ್ತು.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿ ಸಂಗಮವೆಂಬ ನಂಬಿಕೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತ ಬಂದಿದೆ. ದಡದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ ಇಲ್ಲಿಯ ಜನ. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದ ಈ ನದಿದಡದಲ್ಲಿ, 54 ಕಿಲೋ ತೂಗಿದ ಮೀನು ಮಾತ್ರ ಲೆಕ್ಕಕ್ಕೆ ಸಿಗದೆ ಸರಿದುಹೋಗಿತ್ತು.