ಚಾರ್ಮಾಡಿ ಮಂಜಿನಲ್ಲಿ ಎರಡನೇ ಕೀ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾರಲ್ಲಿ ಹೋಗೋರಿಗೆ ಮುಖ್ಯವಾಗಿ ಎರಡು ದಾರಿ. ಹಾಸನ ದಾಟಿ ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯುವುದು ಒಂದು. ಹಾಸನದಿಂದ ಬೇಲೂರಿಗೆ ತಿರುಗಿ, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿಯುವುದು ಇನ್ನೊಂದು. ಬೇಗ ತಲುಪಿದರೆ ಸಾಕು ಅನ್ನೋರಿಗೆ ಮೊದಲನೆಯದು. ದಾರಿಯನ್ನೂ ನೋಡಬೇಕು ಅನ್ನೋರಿಗೆ ಎರಡನೆಯದು. ನಮ್ಮ ಮನೆಯವರೆಲ್ಲ ಎರಡನೇ ಪಂಗಡ.

ಈ ದಾರಿಯಲ್ಲಿ ನೋಡೋಕೆ ಏನಿಲ್ಲ ಹೇಳಿ! ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ. ಹೊಯ್ಸಳರ ಈ ದೇಗುಲ 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿಂದ ಮುಂದೆ ಕಾಫಿ ತೋಟಗಳು, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮೂಡಿಗೆರೆ ಅಂದರೆ ಪೂರ್ಣಚಂದ್ರ ತೇಜಸ್ವಿಯವರ ಊರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಳಗೆ ಹೋಗಿ ಬನ್ನಿ. ಸ್ಕೂಟರನ್ನು ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದ ಮನುಷ್ಯ ಅವರು. ಇವತ್ತಿನ ನಮ್ಮ ಕಾರುಗಳಲ್ಲಿ ಬಿಚ್ಚೋಕೆ ಏನೂ ಉಳಿದಿಲ್ಲ ಅನ್ನೋದು ಬೇರೆ ಮಾತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿಯೋದು ನಮ್ಮಲ್ಲಿ ನಿಷಿದ್ಧ. ತಿಂದು ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಗಾಳಿ ಬದಲಾಗುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತಾಳೆ. ಈ ಘಾಟಿಯ ಪಡುವಣ ಇಳಿಜಾರಿನ ನೀರು ನೇತ್ರಾವತಿಗೆ ಹೋಗುತ್ತದೆ. ಅಂದರೆ ಬೆಟ್ಟದ ಯಾವ ಮಗ್ಗುಲಿಗೆ ಬಿದ್ದೆ ಅನ್ನೋದರ ಮೇಲೆ ಒಂದು ಹನಿ ಬಂಗಾಳ ಕೊಲ್ಲಿಗೋ ಅರಬ್ಬೀ ಸಮುದ್ರಕ್ಕೋ ಹೋಗಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆ ಪಕ್ಕದ ಬಂಡೆಗಳ ಮೇಲೆಲ್ಲ ಬಿಳಿ ನೀರು. ಎಡಕ್ಕೂ ಬಲಕ್ಕೂ ಮಂಜು.

ಮೊಬೈಲಿನ ಸಿಗ್ನಲ್ ಮಾತ್ರ ಇಲ್ಲಿ ಒಂದೊಂದೇ ಗೆರೆ ಕಳಚಿಕೊಳ್ಳುತ್ತದೆ.

ಒಂದು ಜರ್ಕಿನ್, ಒಂದು ಡಿಕ್ಕಿ

ಕಳೆದ ಸೆಪ್ಟೆಂಬರಿನಲ್ಲಿ ನಾವು ಆರು ಜನ ಹೊರಟಿದ್ದೆವು. ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ನಾಲ್ಕು ವರ್ಷದ ಮಗ, ನಾನು. ಕಾರು ಭಾವನದು. ಸಂಜೆ ನಾಲ್ಕೂವರೆಗೆ ಘಾಟಿಯಲ್ಲಿ ಅಗಲವಾದ ಒಂದು ಜಾಗ ನೋಡಿ ನಿಲ್ಲಿಸಿದೆವು. ಎಲ್ಲರೂ ಇಳಿದರು, ಭಾವ ಲಾಕ್ ಮಾಡಿದರು, ಕಣಿವೆ ನೋಡಿದೆವು. ಹನಿ ಶುರುವಾಯಿತು. ಕೊಡೆ ತೆಗೆಯಲು ಭಾವ ರಿಮೋಟಿನ ಡಿಕ್ಕಿ ಬಟನ್ ಒತ್ತಿ ಡಿಕ್ಕಿ ತೆರೆದರು. ಒದ್ದೆಯಾದ ಜರ್ಕಿನ್ ಬಿಚ್ಚಿ ಒಳಗೆ ಹಾಕಿ, ಕೊಡೆ ತೆಗೆದು, ಡಿಕ್ಕಿ ಮುಚ್ಚಿದರು. ಕೀ ಜರ್ಕಿನ್ ಜೇಬಿನಲ್ಲಿ.

ಹಲವು ಕಾರುಗಳಲ್ಲಿ ಡಿಕ್ಕಿ ಬಟನ್ ಒತ್ತಿದರೆ ಡಿಕ್ಕಿ ಮಾತ್ರ ತೆರೆಯುತ್ತದೆ, ಬಾಗಿಲುಗಳ ಲಾಕ್ ಹಾಗೇ ಇರುತ್ತದೆ. ಮುಚ್ಚಿದರೆ ಅದೂ ಬಂದ್. ಎರಡನೇ ಕೀ ಇತ್ತು, ಸುಮಾರು 250 ಕಿಲೋಮೀಟರ್ ಹಿಂದೆ, ಬೆಂಗಳೂರಿನ ಬೀರುವಿನಲ್ಲಿ. ಭಾವನ ಫೋನು ಕಾರಿನೊಳಗೆ ಚಾರ್ಜಿಗೆ ಹಾಕಿತ್ತು. ನನ್ನ ಮತ್ತು ಅಕ್ಕನ ಫೋನಿನಲ್ಲಿ ಸಿಗ್ನಲ್ ಇಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಮಾತ್ರೆ ತಗೊಂಡು ಊಟ ಕಮ್ಮಿ ಮಾಡಿದ್ದರು, ಸಂಜೆ ಐದಕ್ಕೆ ಏನಾದರೂ ತಿನ್ನಲೇಬೇಕು. ತಿಂಡಿ ಡಬ್ಬಿ, ನೀರು, ಗ್ಲೂಕೋಸ್ ಪುಡಿ ಎಲ್ಲ ಹಿಂದಿನ ಸೀಟಿನಲ್ಲಿ. ಗಾಜಿನಾಚೆ ಸ್ಪಷ್ಟವಾಗಿ ಕಾಣುತ್ತಿದೆ, ಕೈಗೆ ಸಿಗುತ್ತಿಲ್ಲ. ಐದು ಗಂಟೆ ದಾಟುವಷ್ಟರಲ್ಲಿ ಅಪ್ಪ ಮಾತು ಕಮ್ಮಿ ಮಾಡಿದರು. ಅಷ್ಟು ಚಳಿಯಲ್ಲೂ ಹಣೆ ಮೇಲೆ ಬೆವರು. "ಕಲ್ಲು ತಗೊಂಡು ಒಡೀರಿ, ಕಾರು ಹೋದ್ರೆ ಹೋಗ್ಲಿ" ಅಂತ ಅಮ್ಮ. ಭಾವ ಆಗಲೇ ಕಲ್ಲು ಹುಡುಕುತ್ತಿದ್ದರು.

ಅಷ್ಟರಲ್ಲಿ ಕೆಳಗಿನಿಂದ ಒಂದು ಜೀಪು ಹತ್ತಿಕೊಂಡು ಬಂತು. "ಎಂತ ಆಯ್ತು ಮಾರಾಯ್ರೆ?" ಅಂತ ಕೇಳಿದ ಡ್ರೈವರ್, ವಿಷಯ ತಿಳಿದ ಕೂಡಲೇ ಮೊದಲು ಮಾಡಿದ್ದು ಡ್ಯಾಶ್‌ಬೋರ್ಡಿನಿಂದ ಬಿಸ್ಕತ್ತಿನ ಪೊಟ್ಟಣ, ಎರಡು ಬಾಳೆಹಣ್ಣು ತೆಗೆದು ಅಪ್ಪನ ಕೈಗಿಟ್ಟದ್ದು. ಆಮೇಲೆ ಭಾವನನ್ನು ಕೂರಿಸಿಕೊಂಡು ಕೊಟ್ಟಿಗೆಹಾರಕ್ಕೆ ಹೋದರು. ಒಂದು ಗಂಟೆ ಕಳೆದು ಮೆಕ್ಯಾನಿಕ್ ಜೊತೆ ವಾಪಸ್ ಬಂದರು. ಮೆಕ್ಯಾನಿಕ್ ಬಾಗಿಲ ಸಂದಿಯಲ್ಲಿ ಗಾಳಿ ತುಂಬುವ ಸಣ್ಣ ಚೀಲ ತೂರಿಸಿ, ಸಂದಿ ಅಗಲಿಸಿ, ಉದ್ದನೆ ಕಂಬಿಯಿಂದ ಒಳಗಿನ ಹಿಡಿ ಎಳೆದರು. ಹತ್ತು ನಿಮಿಷದ ಕೆಲಸ. ಅಷ್ಟೊತ್ತಿಗೆ ಅಪ್ಪ ಚೇತರಿಸಿಕೊಂಡು, ಮೊಮ್ಮಗನಿಗೆ ಮಂಗ ತೋರಿಸುತ್ತಿದ್ದರು.

ಬ್ಯಾಕಪ್ ಎಲ್ಲಿರಬೇಕು?

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪಾಠ ಮೊದಲ ವರ್ಷವೇ ತಲೆಗೆ ಹತ್ತುತ್ತದೆ. ಸರ್ವರ್ ಇರುವ ಮೆಷಿನ್ನಿನಲ್ಲೇ ಬ್ಯಾಕಪ್ ಇಟ್ಟರೆ ಅದು ಬ್ಯಾಕಪ್ ಅಲ್ಲ. ತಲುಪಲಾಗದ ಕಡೆ ಇಟ್ಟರೂ ಅಲ್ಲ. ಕಾರಿನ ಕೀಗೂ ಇದೇ ಲೆಕ್ಕ. ಊರಿನ ಅಜ್ಜಿಯರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು: ಒಂದು ಕೀ ಸೊಂಟದಲ್ಲಿ, ಇನ್ನೊಂದು ಪಕ್ಕದ ಮನೆಯಲ್ಲಿ. ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಕೂತು ಮಾಡಿಕೊಂಡ ಪಟ್ಟಿ ಇದು. ನಿಮಗೂ ಆದೀತು.

1. ಎರಡನೇ ಕೀ ಇನ್ನೊಬ್ಬರ ಮೈಮೇಲೆ. ದೂರ ಹೋಗುವಾಗ ಬೀರುವಿನ ಕೀ ಜೊತೆಗೆ ಬರಲಿ. ಆದರೆ ಕಾರಿನಲ್ಲಿ ಬೇಡ, ಓಡಿಸದವರ ಜೇಬಿನಲ್ಲೋ ಸೊಂಟದ ಪರ್ಸಿನಲ್ಲೋ ಇರಲಿ. ಕಾರು ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ, ಅದಕ್ಕೇ ಒಂದನ್ನು ಕಾರಲ್ಲೇ ಬಚ್ಚಿಡೋದು ಇನ್ನೂ ದೊಡ್ಡ ತೊಂದರೆ. ಹೊಸ ಕಾರಿನ ಕೀ ಜೊತೆ ಒಂದು ಸಣ್ಣ ಬಿಲ್ಲೆಯಲ್ಲಿ ನಂಬರ್ ಕೊಟ್ಟಿದ್ದರೆ ಅದನ್ನು ಮನೆಯಲ್ಲಿ ಜೋಪಾನವಾಗಿಡಿ. ಹೊಸ ಕೀ ಮಾಡಿಸಲು ಬೇಕಾಗುತ್ತದೆ.

2. ಡಿಕ್ಕಿ ಮುಚ್ಚುವ ಮೊದಲು ಕೀ ಕಣ್ಣಿಗೆ ಕಾಣಬೇಕು. ಒಂದು ಕೈಯಲ್ಲಿ ಕೀ ಇಲ್ಲದೆ ಇನ್ನೊಂದು ಕೈ ಡಿಕ್ಕಿ ಮುಟ್ಟಬಾರದು. ಬಿಚ್ಚಿಡುವ ಬಟ್ಟೆಯ ಜೇಬಿನಲ್ಲಿ ಕೀ ಇಡಲೇಬೇಡಿ. ಸ್ಮಾರ್ಟ್ ಕೀ ಇದ್ದರೆ ಕಾರೇ ಕೂಗಿ ಎಚ್ಚರಿಸುತ್ತದೆ ಅಂತ ನಂಬಿ ಕೂರಬೇಡಿ. ಕೀಯ ಸೆಲ್ ಸೊರಗಿದ್ದರೆ, ಅಥವಾ ಕೀ ಲೋಹದ ಡಬ್ಬಿಯಲ್ಲೋ ಲ್ಯಾಪ್‌ಟಾಪ್ ಕೆಳಗೋ ಇದ್ದರೆ, ಒಳಗೆ ಕೀ ಇದೆ ಅಂತ ಕಾರಿಗೇ ಗೊತ್ತಾಗದೆ ಹೋಗಬಹುದು.

3. ಕೀಯೊಳಗಿನ ಕೀ ಹುಡುಕಿ. ಬಟನ್ ಸ್ಟಾರ್ಟ್ ಕಾರಿನ ರಿಮೋಟಿನೊಳಗೆ ಸಾಮಾನ್ಯವಾಗಿ ಒಂದು ಲೋಹದ ಕೀ ಅಡಗಿರುತ್ತದೆ. ಸಣ್ಣ ಚಿಲಕ ಸರಿಸಿದರೆ ಹೊರಬರುತ್ತದೆ. ಕೀ ಹಾಕುವ ತೂತು ಡ್ರೈವರ್ ಬಾಗಿಲ ಹಿಡಿಯಲ್ಲಿ, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಕಾರಿನ 12 ವೋಲ್ಟ್ ಬ್ಯಾಟರಿ ಸತ್ತರೆ ರಿಮೋಟ್ ಕೆಲಸ ಮಾಡಲ್ಲ, ಆಗ ಇದೇ ಗತಿ. ಎಲೆಕ್ಟ್ರಿಕ್ ಕಾರಿನವರಿಗೂ ಈ ಮಾತು ಅನ್ವಯ. ಹೀಗೆ ತೆರೆದರೆ ಅಲಾರಂ ಕೂಗಬಹುದು, ಗಾಬರಿ ಬೇಡ.

4. ಸೆಲ್ ಬದಲಿಸಿ. ಹಲವು ರಿಮೋಟುಗಳಲ್ಲಿ ಇರೋದು ಸಿಆರ್ 2032 ಅನ್ನುವ 3 ವೋಲ್ಟಿನ ಬಿಲ್ಲೆ. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. ನಿಮ್ಮದು ಯಾವುದು ಅಂತ ತೆರೆದು ನೋಡಿ, ಒಂದು ಹೆಚ್ಚುವರಿ ಪರ್ಸಿನಲ್ಲಿಡಿ. ಸೆಲ್ ಪೂರ್ತಿ ಸತ್ತರೂ ಕಾರು ಸ್ಟಾರ್ಟ್ ಮಾಡುವ ದಾರಿ ಇದೆ. ಬಹಳಷ್ಟು ಕಾರುಗಳಲ್ಲಿ ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಆಗುತ್ತದೆ. ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

5. ಆ್ಯಪ್ ನಂಬಿ ಘಾಟಿ ಇಳಿಯಬೇಡಿ. ಫೋನಿನಿಂದ ಕಾರು ತೆರೆಯುವ ಆ್ಯಪ್‌ಗಳು ಚೆನ್ನಾಗೇ ಇವೆ. ಆದರೆ ಸಾಮಾನ್ಯವಾಗಿ ನಿಮ್ಮ ಫೋನಿಗೂ ಕಾರಿನೊಳಗಿನ ಸಿಮ್ಮಿಗೂ ನೆಟ್‌ವರ್ಕ್ ಬೇಕು. ಮಂಜಿನಲ್ಲಿ ಎರಡೂ ಒಟ್ಟಿಗೇ ಕೈಕೊಡುತ್ತವೆ.

6. ನಂಬರುಗಳು ಕಾಗದದ ಮೇಲೆ. ಕಾರು ಕಂಪನಿಯದೋ ವಿಮೆಯದೋ ರಸ್ತೆ ಸಹಾಯದ ಯೋಜನೆ ನಿಮಗಿದ್ದರೆ, ಅವಧಿ ಮುಗಿದಿಲ್ಲವೇ, ಕೀ ಒಳಗೆ ಸಿಕ್ಕಿಕೊಂಡರೆ ಬರುತ್ತಾರೆಯೇ ಅಂತ ಮೊದಲೇ ಕೇಳಿಡಿ. ಆ ನಂಬರು, ಪಾಲಿಸಿ ನಂಬರು ಬರೆದು ಪರ್ಸಿನಲ್ಲಿಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಆ ಜಾಗದಲ್ಲಿದ್ದರೆ 112 ಕರೆ ಹೋಗಬಹುದು, ಪ್ರಯತ್ನಿಸಿ.

7. ಇಳಿಯುವಾಗ ಒಂದು ಚೀಲ ಹೆಗಲಿಗೆ. ಮಾತ್ರೆ, ನೀರು, ಬಿಸ್ಕತ್ತು, ಸ್ವಲ್ಪ ನಗದು, ಒಬ್ಬರ ಫೋನು. ಐದು ನಿಮಿಷ ಫೋಟೋ ತೆಗೆಯೋಕೆ ಇಳಿದರೂ ಸರಿ. ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸ್ತೀನಿ ಅಂದರೆ ಇದನ್ನು ಪಾಲಿಸಿ.

8. ಮಗು ಒಳಗಿದ್ದರೆ ಕಾಯಬೇಡಿ. ಬಿಸಿಲಲ್ಲಿ ಮುಚ್ಚಿದ ಕಾರು ನಿಮಿಷಗಳಲ್ಲಿ ಕಾಯುತ್ತದೆ. 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಪಕ್ಕದ ಗಾಜು ಒಡೆಯಿರಿ. ಮುಂದಿನ ಗಾಜು ಪದರ ಪದರವಾಗಿ ಅಂಟಿಸಿದ್ದು, ಸುಲಭಕ್ಕೆ ಬಿಡಲ್ಲ. ಪಕ್ಕದ್ದು ಸಾಮಾನ್ಯವಾಗಿ ಚೂರುಚೂರಾಗಿ ಉದುರುವ ಗಾಜು. ನಡುವೆ ಅಲ್ಲ, ಮೂಲೆಗೆ ಹೊಡೆಯಬೇಕು. ಅಪಾಯ ಇಲ್ಲದಿದ್ದರೆ ಮಾತ್ರ ಮೆಕ್ಯಾನಿಕ್ಕಿಗೆ ಕಾಯಿರಿ. ವಿಡಿಯೋ ನೋಡಿ ಗಾಜಿನ ಸಂದಿಯಲ್ಲಿ ಸ್ಕೇಲು ತೂರಿಸೋಕೆ ಹೋಗಬೇಡಿ. ಈಗಿನ ಬಾಗಿಲುಗಳೊಳಗೆ ವೈರುಗಳು ಓಡಾಡಿರುತ್ತವೆ.

ಹೊರಡುವ ಮುನ್ನ

ಚಾರ್ಮಾಡಿಗೆ ಒಳ್ಳೆ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ, ಮಳೆಯ ಆರ್ಭಟ ಇರಲ್ಲ. ಜೋರು ಮಳೆಗಾಲದಲ್ಲಿ ಹೊರಡುವ ಮೊದಲು ರಸ್ತೆ ತೆರೆದಿದೆಯೇ ವಿಚಾರಿಸಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ಘಾಟಿ ತಿಂಗಳುಗಟ್ಟಲೆ ಬಂದ್ ಆಗಿತ್ತು. ತಿರುವುಗಳಲ್ಲಿ ನಿಲ್ಲಿಸಬೇಡಿ, ಜಾರುವ ಬಂಡೆ ಹತ್ತಬೇಡಿ, ಕತ್ತಲಾಗುವ ಮುಂಚೆ ಇಳಿದುಬಿಡಿ. ದಾರಿ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿ ಇದೆ, ಓಡಾಡುವ ಗಾಡಿಗಳು ಒಂದು ಕ್ಷಣ ನಿಂತು ಕೈಮುಗಿದು ಹೋಗುವ ಜಾಗ. ಅಲ್ಲಿ ನೀವು ಇಳಿಯುವಾಗಲೂ ಕೀ ಕೈಯಲ್ಲೇ ಇರಲಿ.

ಉಳಿದದ್ದನ್ನು ಈ ಶನಿವಾರವೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾಡಿ ನೋಡಿ. ರಿಮೋಟ್ ಬಿಚ್ಚಿ, ಲೋಹದ ಕೀ ತೆಗೆದು, ಅದೊಂದರಿಂದಲೇ ಬಾಗಿಲು ತೆರೆಯಿರಿ. ಅಲಾರಂ ಕೂಗಿದರೆ ವಾಚ್‌ಮನ್ ಓಡಿ ಬರಬಹುದು. ಬರಲಿ ಬಿಡಿ, ಘಾಟಿಯಲ್ಲಿ ಓಡಿ ಬರೋಕೆ ಯಾರೂ ಇರಲ್ಲ.