ಕಾರಿನ ಕಣ್ಣು

ಮನುಷ್ಯನಿಗೆ ವಯಸ್ಸಾಯಿತೆಂಬುದನ್ನು ಮೊದಲು ಹೇಳುವುದು ಕಣ್ಣು, ಆಮೇಲೆ ಮಂಡಿ, ಕಡೆಗೆ ಮಕ್ಕಳು. ಕಾರಿನ ವಿಷಯದಲ್ಲಿಯೂ ಈ ಕ್ರಮ ತಪ್ಪುವುದಿಲ್ಲವೆಂಬುದು ನನಗೆ ಕಳೆದ ಸುಗ್ಗಿಯಲ್ಲಿ ಗೊತ್ತಾಯಿತು.

ನನ್ನದು 2009ರಲ್ಲಿ ಕೊಂಡ ಸಣ್ಣ ಕಾರು. ಹದಿನೈದು ವರ್ಷ ತುಂಬಿದಾಗ ಮಧುಗಿರಿಯ ಸಾರಿಗೆ ಕಚೇರಿಗೆ ಕರೆದೊಯ್ದು, ಕುದುರೆಯ ಹಲ್ಲು ತೋರಿಸಿದಂತೆ ಎಲ್ಲವನ್ನೂ ತೋರಿಸಿ, ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ಬಂದಿದ್ದೇನೆ. ನಾನು ಮೇಷ್ಟರಾಗಿದ್ದು ನಿವೃತ್ತನಾದವನು. ಮನೆ ಮಧುಗಿರಿಯ ಏಕಶಿಲಾ ಬೆಟ್ಟದ ಮಗ್ಗುಲಲ್ಲಿ. ಅಕ್ಕ ಇರುವುದು ಪಾವಗಡದಲ್ಲಿ. ಭಾವ ತೀರಿಕೊಂಡ ಮೇಲೆ ಒಬ್ಬಳೇ. ಶನಿವಾರ ಬಂತೆಂದರೆ ಊರೂರಿನ ಜನ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೋಗುತ್ತಾರೆ, ನಾನು ಅಕ್ಕನ ದರ್ಶನಕ್ಕೆ ಹೋಗುತ್ತೇನೆ. ಮಧ್ಯಾಹ್ನ ಹೋಗುವುದು, ಅವಳ ಮಾತ್ರೆಗಳನ್ನು ಎಣಿಸಿಟ್ಟು ಊಟ ಮುಗಿಸಿ ರಾತ್ರಿ ಹಿಂತಿರುಗುವುದು. ಹೋಗಿ ಬರಲು ಸುಮಾರು 120 ಕಿಲೋಮೀಟರು.

ಈ ಪಾವಗಡದ ವಿಚಿತ್ರವನ್ನು ನೋಡಿ. ಮೂರು ಕಡೆ ಆಂಧ್ರ ಸುತ್ತಿಕೊಂಡ, ಮಳೆ ಕಾಣದ ತಾಲ್ಲೂಕು. ಅಲ್ಲಿನ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ ಹಲಗೆಗಳನ್ನು ಹಾಸಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ತು ಮಾಡುತ್ತಾರೆ. 2018ರಲ್ಲಿ ಶುರುವಾದದ್ದು. ಹಗಲೆಲ್ಲ ಬಿಸಿಲನ್ನು ನಾಡಿಗೆ ಹಂಚುವ ಆ ಸೀಮೆಯಿಂದ ರಾತ್ರಿ ಹೊರಟರೆ ದಾರಿಯುದ್ದಕ್ಕೂ ಗವ್ವೆನ್ನುವ ಕತ್ತಲೆ. ದೀಪದ ಬುಡ ಕತ್ತಲೆ ಎಂಬ ಗಾದೆ ಮಾಡಿದವನು ಈ ದಾರಿಯಲ್ಲಿ ಒಮ್ಮೆ ಬಂದಿರಬೇಕು.

ಡಿಸೆಂಬರಿನ ಒಂದು ಶನಿವಾರ, ರಾತ್ರಿ ಒಂಬತ್ತರ ಸುಮಾರು. ಮಿಡಿಗೇಶಿ ದಾಟಿ ಮಧುಗಿರಿಯ ಕಡೆ ಬರುತ್ತಿದ್ದೆ. ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ರಾಗಿ ತೆನೆಯನ್ನೋ ಹುರುಳಿಯನ್ನೋ ಹರಡಿದರೆ ಒಕ್ಕುವ ಕೆಲಸವನ್ನು ಲಾರಿ ಬಸ್ಸುಗಳು ಮಾಡಿಕೊಡುತ್ತವೆ. ಸಂಜೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲಿಡುತ್ತಾರೆ. ನನಗೆ ಕಂಡದ್ದು ಬರೀ ಕತ್ತಲೆ. ಆ ಕತ್ತಲೆಯಲ್ಲಿ ಒಂದು ತುಂಡು ಇನ್ನೂ ಸ್ವಲ್ಪ ಕಪ್ಪಾಗಿತ್ತು. ಬ್ರೇಕು ತುಳಿದೆ. ಕಾರು ಒಂದು ಕಲ್ಲನ್ನು ಉರುಳಿಸಿ ನಿಂತಿತು. ಮುಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ, ರಾಶಿಯ ಪಕ್ಕ ಕಂಬಳಿ ಹೊದ್ದು ಮಲಗಿದ್ದ ಒಬ್ಬ ಮುದುಕಿ ಎದ್ದು ಕುಳಿತಳು. ಕಿರುಚಲಿಲ್ಲ, ಬೈಯಲಿಲ್ಲ. "ಒಸಿ ನೋಡ್ಕಂಡು ಬರಬಾರ್ದೇನಪ್ಪಾ" ಎಂದು, ಉರುಳಿದ ಕಲ್ಲನ್ನು ತಾನೇ ತಂದು ಮತ್ತೆ ಅದರ ಜಾಗದಲ್ಲಿಟ್ಟಳು.

ಬೈದಿದ್ದರೆ ನಿದ್ದೆ ಬರುತ್ತಿತ್ತು. ಅವಳು ಕಲ್ಲಿಟ್ಟದ್ದು ಕಣ್ಣ ಮುಂದೆ ಬಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮೊದಲ ಕೆಲಸವೆಂದು ತುಮಕೂರಿಗೆ ಹೋದೆ. ಅಂಗಡಿಯ ಹುಡುಗ ನನ್ನ ಕಾರಿನ ಹಳೆಯ ಹ್ಯಾಲೋಜನ್ ಬಲ್ಬುಗಳನ್ನು ಕನಿಕರದಿಂದ ನೋಡಿ, "ಎಲ್‌ಇಡಿ ಹಾಕ್ಸಿ ಸಾರ್, ರಾತ್ರಿ ಹಗಲಾಗುತ್ತೆ" ಎಂದ. ಹಾಕಿಸಿದೆ. ಸಂಜೆ ಹಿಂತಿರುಗುವಾಗ ನಿಜಕ್ಕೂ ಹಗಲಾಯಿತು. ಬೇಲಿಯ ಒಂದೊಂದು ಮುಳ್ಳೂ ಎಣಿಸುವಂತೆ ಕಾಣುತ್ತಿತ್ತು. ವಿಜ್ಞಾನಕ್ಕೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಆ ನಮಸ್ಕಾರ ಕೊರಟಗೆರೆ ದಾಟುವವರೆಗೆ ಉಳಿಯಿತು. ಎದುರಿಗೆ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವನೊಬ್ಬ ಒಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದ, ಮರುಕ್ಷಣ ಕಾಣಲಿಲ್ಲ. ಇಳಿದು ಓಡಿದೆ. ಚರಂಡಿಯಲ್ಲಿ ಮೊಪೆಡ್ಡು, ಮೊಪೆಡ್ಡಿನ ಮೇಲೆ ಅವನು, ಎಲ್ಲದರ ಮೇಲೆ ಹಾಲು. ಮೊಣಕೈ ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟಾಗಿರಲಿಲ್ಲ. ಬಾಯಿ ತುಂಬ ಬೈಗುಳ ಸಿದ್ಧ ಮಾಡಿಕೊಂಡು ಎದ್ದವನು ನನ್ನ ಮುಖ ನೋಡಿ ನಿಂತುಬಿಟ್ಟ. ನನ್ನ ಹಳೆಯ ವಿದ್ಯಾರ್ಥಿ!

"ನೀವಾ ಮೇಷ್ಟ್ರೇ? ಬೇರೆಯವರಾಗಿದ್ರೆ ಇವತ್ತು..." ಎಂದು ಉಳಿದದ್ದನ್ನು ನುಂಗಿಕೊಂಡ. ಹಾಲಿನ ದುಡ್ಡು ಕೊಡಹೋದರೆ ಬೇಡವೆಂದ. ಒತ್ತಾಯ ಮಾಡಿ ಜೇಬಿಗಿಟ್ಟೆ. ಎರಡು ದಿನದ ಅಂತರದಲ್ಲಿ ಇಬ್ಬರ ಪ್ರಾಣ ನನ್ನ ಕೈಯಲ್ಲಿ ಜೋಲಿ ಹೊಡೆದಿತ್ತು: ಒಬ್ಬರದು ನನ್ನ ಬೆಳಕು ಸಾಲದೆ, ಇನ್ನೊಬ್ಬರದು ನನ್ನ ಬೆಳಕು ಹೆಚ್ಚಾಗಿ.

ನಮ್ಮೂರಿನ ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ ನೋಡಿ ನಕ್ಕ. ಅವನು ಹೇಳಿದ ಪಾಠ ಇಷ್ಟು. ಹಳೆಯ ಬಲ್ಬಿನೊಳಗೆ ಎರಡು ತಂತಿಗಳಿವೆ, ದೂರದ ಬೆಳಕಿಗೊಂದು, ಹತ್ತಿರದ ಬೆಳಕಿಗೊಂದು. ಹತ್ತಿರದ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಮರೆ ಇದೆ. ಅದರಿಂದ ಬೆಳಕು ಬೋಗುಣಿಯ ಮೇಲರ್ಧಕ್ಕೆ ಮಾತ್ರ ಬಿದ್ದು, ನೆಲದ ಕಡೆಗೆ ಬಾಗುತ್ತದೆ. ಬೋಗುಣಿಯ ಹೊಳಪಿನ ತಿರುವೆಲ್ಲ ಆ ತಂತಿ ಇರುವ ಜಾಗದ ಲೆಕ್ಕಕ್ಕೆ ಮಾಡಿದ್ದು. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗಿ, ಅದು ದಿಕ್ಕೆಟ್ಟು ಎದುರಿನವನ ಕಣ್ಣಿಗೆ ನುಗ್ಗುತ್ತದೆ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಮೊಕದ್ದಮೆ ಹಾಕಿದ್ದು ಸುಮ್ಮನೆ ಅಲ್ಲ.

"ನಿಮ್ಮ ಕಾರಿನ ಬಲ್ಬು ಚೆನ್ನಾಗೇ ಇತ್ತು ಮೇಷ್ಟ್ರೇ. ಗಾಜಿಗೆ ಪೊರೆ ಬಂದಿತ್ತು" ಎಂದ. ನಾನು ಗಾಜೆಂದುಕೊಂಡದ್ದು ಗಾಜೂ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್ಕು. ಹದಿನೈದು ಬೇಸಿಗೆಯ ಬಿಸಿಲಿಗೆ ಹಳದಿಯಾಗಿ ಮಂಜು ಕವಿದಿತ್ತು. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಮೊದಲು ಒರಟಾಗಿ, ಆಮೇಲೆ ನಯವಾಗಿ ಉಜ್ಜಿ ಪಾಲಿಶ್ ಹಾಕಿದ. ಹಳೆಯ 60/55 ವ್ಯಾಟಿನ ಬಲ್ಬನ್ನೇ ಬೆರಳಿನ ಜಿಡ್ಡು ತಾಗದಂತೆ ಬಟ್ಟೆಯಲ್ಲಿ ಹಿಡಿದು ಕೂರಿಸಿದ. ಬ್ಯಾಟರಿಯಿಂದ ನೇರವಾಗಿ ಕರೆಂಟು ಬರಲೆಂದು ರಿಲೇ ಜೋಡಿಸಿದ. ರಾತ್ರಿ ಶಾಲೆಯ ಗೋಡೆಯಿಂದ 25 ಅಡಿ ದೂರದಲ್ಲಿ ಕಾರು ನಿಲ್ಲಿಸಿ, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಗೆರೆ ದಾಟದಂತೆ ತಿರುಪು ತಿರುಗಿಸಿದ. ಮೂವತ್ತು ವರ್ಷ ನಾನು ಸೀಮೆಸುಣ್ಣ ಹಿಡಿದಿದ್ದೆ. ಅದರಿಂದ ಬೆಳಕಿಗೂ ಗೆರೆ ಎಳೆಯಬಹುದೆಂದು ತಿಳಿದಿರಲಿಲ್ಲ.

ಈ ಕಥೆ ಬೆಂಗಳೂರಿಗೆ ಮುಟ್ಟಿತು. ಮಗ ಫೋನು ಮಾಡಿ, "ಅಪ್ಪಾ, ಆ ಡಬ್ಬ ಮಾರಿಬಿಡಿ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಗೊಳ್ಳಿ. ಪೆಟ್ರೋಲೂ ಉಳಿಯುತ್ತೆ, ದೀಪಾನೂ ಹೊಸದಿರುತ್ತೆ" ಎಂದ. ಸಿರಾದಲ್ಲಿ ಒಬ್ಬರ ಬಳಿ 2022ರದೊಂದು ಇದೆಯೆಂದು ಅವನೇ ಪತ್ತೆ ಮಾಡಿದ್ದ. ನಮ್ಮ ಬಿಡದಿಯಲ್ಲೇ ತಯಾರಾದದ್ದು ಎಂದಾಗ ಸ್ವಲ್ಪ ಅಭಿಮಾನವೂ ಸೇರಿ, ನೋಡಲು ಹೋದೆ.

ಈ ಗಾಡಿಯ ಗುಟ್ಟು ಚೆಲುವಾದದ್ದು. ನಾವು ಬ್ರೇಕು ಹಿಡಿದಾಗ ಓಟದ ಶಕ್ತಿ ಬಿಸಿಯಾಗಿ ಪೋಲಾಗುತ್ತದಲ್ಲ, ಅದನ್ನು ಈ ಕಾರು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಮತ್ತೆ ಹೊರಡುವಾಗ ಅದೇ ಗಂಟನ್ನು ಬಿಚ್ಚುತ್ತದೆ. ಗೋಡೆಗೆ ತಂತಿ ಚುಚ್ಚಬೇಕಾಗಿಲ್ಲ. ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕುತ್ತಿದ್ದ ನಮ್ಮ ಅಜ್ಜಿಯ ಸಂಸಾರದಂತೆ. ಆದರೆ ಅಜ್ಜಿಗೂ ಚಿಲ್ಲರೆ ಉಳಿಯಬೇಕಾದರೆ ಸಂತೆಗೆ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಹೆಜ್ಜೆಗೊಮ್ಮೆ ಬ್ರೇಕು. ಅಲ್ಲಿ ಗಂಟು ತುಂಬುತ್ತದೆ. ಪಾವಗಡದ ದಾರಿಯಲ್ಲಿ ಹತ್ತು ಮೈಲಿಗೊಮ್ಮೆ ಕುರಿಮಂದೆ ಅಡ್ಡ ಬಂದರೆ ಉಂಟು.

ಕಗ್ಗಲಡುವಿನ ಕಡೆ ಒಂದು ಸುತ್ತು ಓಡಿಸಿದೆ. ಹುಣಿಸೆ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುವ ಊರು. ಊರೊಳಗೆ ಎಂಜಿನ್ನು ತಾನಾಗಿ ನಿಂತು ಕಾರು ಬ್ಯಾಟರಿಯಲ್ಲೇ ತೇಲಿತು. ಇದ್ದೂ ಇಲ್ಲದಂಥ ಗುಂಯ್ ಸದ್ದು. ರಸ್ತೆಯ ನಡುವೆ ಮಲಗಿದ್ದ ನಾಯಿ ಕಿವಿ ಸಹ ಅಲ್ಲಾಡಿಸಲಿಲ್ಲ. ನಿಲ್ಲಿಸಿದೆ. ಕಂಬಳಿಯ ಮುದುಕಿ ನೆನಪಾದಳು. ನನ್ನ ಹಳೆಯ ಕಾರಿಗೆ ಕಣ್ಣು ಮಂದವಾದರೂ ಗಂಟಲಿತ್ತು.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದೆ. ತಿಂಗಳಿಗೆ ನನ್ನ ಓಡಾಟ ಗೊರವನಹಳ್ಳಿಯ ಲಕ್ಷ್ಮಿಯನ್ನೂ ಸೇರಿಸಿ 600 ಕಿಲೋಮೀಟರು. ಹಳೆಯದು ಲೀಟರಿಗೆ 14, ಹೊಸದು ನಮ್ಮ ರಸ್ತೆಯಲ್ಲಿ 22 ಕೊಟ್ಟೀತು. ಉಳಿತಾಯ ಹದಿನಾರು ಲೀಟರಿಗೆ ಸ್ವಲ್ಪ ಕಡಿಮೆ. ಲೀಟರಿಗೆ ನೂರರ ಲೆಕ್ಕದಲ್ಲಿ ವರ್ಷಕ್ಕೆ 18,700 ರೂಪಾಯಿ. ಕೈಯಿಂದ ಹಾಕಬೇಕಾದದ್ದು 11 ಲಕ್ಷ. ಅಸಲು ಹುಟ್ಟಲು 59 ವರ್ಷ. ನನಗೀಗ 67. ಅಂದರೆ ನನ್ನ 126ನೆಯ ವಯಸ್ಸಿನಿಂದ ಲಾಭ ಶುರು! ಬ್ಯಾಟರಿಗೆ ಕಂಪನಿ ಕೊಡುವ ಭರವಸೆಯೋ 8 ವರ್ಷ ಅಥವಾ 1,60,000 ಕಿಲೋಮೀಟರು. ಅದರಲ್ಲಿ ಮೂರು ವರ್ಷವನ್ನು ಮೊದಲ ಯಜಮಾನ ತಿಂದಾಗಿದೆ. ಕಿತ್ತಳೆ ಬಣ್ಣದ ಹೆಚ್ಚು ವೋಲ್ಟಿನ ತಂತಿಗಳನ್ನು ನಮ್ಮ ಮೆಕ್ಯಾನಿಕ್ಕು ಮುಟ್ಟಲಾರ. "ಅದನ್ನು ಮುಟ್ಟೋಕೆ ಬೇರೆ ವಿದ್ಯೆ ಬೇಕು" ಎಂದು ನಿಜ ಹೇಳಿದ.

ಲೆಕ್ಕವನ್ನೆಲ್ಲ ಕೇಳಿಸಿಕೊಂಡ ನಮ್ಮ ಮನೆಯವಳು ಅವರೆಕಾಯಿ ಬಿಡಿಸುತ್ತಲೇ, "ಅಲ್ಲಾರೀ, ಕಾರಿನ ಕಣ್ಣು ತೋರಿಸಿದ್ದಾಯ್ತು. ನಿಮ್ಮ ಕಣ್ಣು ಯಾವಾಗ ತೋರಿಸ್ತೀರಿ?" ಎಂದಳು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಎದುರಿನ ದೀಪದ ಸುತ್ತ ಬಳೆಯ ಹಾಗೆ ಕಾಣುತ್ತಾ?" ಎರಡು ವರ್ಷದಿಂದ ಕಾಣುತ್ತಿತ್ತು. ದೀಪಗಳೇ ಈಚೆಗೆ ಹಾಗೆ ಬರುತ್ತಿವೆಯೆಂದು ನಾನು ತಿಳಿದಿದ್ದೆ. ಎರಡು ಕಣ್ಣಿನಲ್ಲೂ ಪೊರೆ, ಬಲಗಡೆ ಹೆಚ್ಚು. ಕಾರಿನದನ್ನು ಉಜ್ಜಿದರೆ ಹೋಗುತ್ತದೆ, ನನ್ನದನ್ನು ತೆಗೆದು ಬೇರೆ ಮಸೂರ ಇಡಬೇಕಂತೆ. ಯುಗಾದಿ ಕಳೆದ ಮೇಲೆ ಶಸ್ತ್ರಚಿಕಿತ್ಸೆ ಎಂದು ದಿನ ಗೊತ್ತಾಯಿತು. ಅಲ್ಲಿಯವರೆಗೆ ರಾತ್ರಿ ಕಾರು ಮುಟ್ಟಬಾರದೆಂದು ನಾನೇ ನಿಯಮ ಹಾಕಿಕೊಂಡೆ. ಹೈಬ್ರಿಡ್ಡಿನ ಮಾತನ್ನೂ ಆಮೇಲಕ್ಕೆ ಇಟ್ಟೆ. ಕೊಳ್ಳುವ ವಸ್ತುವನ್ನು ಮೊದಲು ಸರಿಯಾಗಿ ನೋಡಬೇಕಲ್ಲ!

ಮುಂದಿನ ಶನಿವಾರ ಬಸ್ಸಿನಲ್ಲಿ ಹೋದೆ. ಮಿಡಿಗೇಶಿಯ ಈಚೆ ಆ ರಾಶಿಯ ಜಾಗ ಹಗಲಿನಲ್ಲಿ ಕಂಡಿತು. ರಾಗಿ ಮನೆ ಸೇರಿತ್ತು, ಕಲ್ಲುಗಳು ಮಾತ್ರ ರಸ್ತೆಯ ಅಂಚಿನಲ್ಲಿ ಸಾಲಾಗಿದ್ದವು. ಸಂಜೆ ಆರಾದರೂ ನಾನು ಏಳದಿದ್ದುದನ್ನು ನೋಡಿ ಅಕ್ಕ, "ಏನೋ, ಹೊರಡಲ್ವೇನೋ? ಕತ್ತಲಾಗುತ್ತೆ" ಎಂದಳು.

"ಇವತ್ತು ಇಲ್ಲೇ ಇರ್ತೀನಿ ಅಕ್ಕ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತೀನಿ."

ಅವಳು ಏನೂ ಹೇಳಲಿಲ್ಲ. ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಗೆ ಇನ್ನೊಂದು ಲೋಟ ನೀರು ಹಾಕಿದ ಸದ್ದು ಕೇಳಿಸಿತು. ಆಮೇಲೆ ಅಟ್ಟದಿಂದ ಭಾವನ ಹಾಸಿಗೆಯನ್ನು ಇಳಿಸಿ ಕೊಡವುವ ಸದ್ದು.