ಕಾರ್ನರ್ ಸೈಟಿನ ಬೇಲಿ

ನ್ಯೂಜೆರ್ಸಿಯಲ್ಲಿ ಮೂಲೆಮನೆ ಕೊಂಡ ಕನ್ನಡಿಗರ ಬೆಳಗಿನ ಕಾಫಿ ಕೆಡಿಸುವುದಕ್ಕೆ ಟೌನ್‌ಶಿಪ್ ಕಚೇರಿಯ ಒಂದು ಕಾಗದ ಸಾಕು. ನೀವು ಆರು ಅಡಿ ಬೇಲಿ ಹಾಕಲು ಹೊರಟಿರುವುದು ಮನೆಯ ಮುಂದಿನ ಅಂಗಳಕ್ಕೆ, ಅಲ್ಲಿ ಅಷ್ಟು ಎತ್ತರ ಆಗುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಮನೆಯವರು ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ಅವರ ಪಾಲಿಗೆ ಅದು ಮನೆಯ ಪಕ್ಕ. ಅಲ್ಲಿ ಬಾಗಿಲಿಲ್ಲ, ಮೆಟ್ಟಿಲಿಲ್ಲ. ಮಕ್ಕಳ ಉಯ್ಯಾಲೆ ಇದೆ, ಮೆಂತ್ಯ ಸೊಪ್ಪಿನ ಮಡಿ ಇದೆ. ಆದರೆ ಎರಡು ರಸ್ತೆ ಕೂಡುವ ಕಡೆ ಮನೆ ಇದ್ದರೆ ಬಹಳ ಊರುಗಳ ಝೋನಿಂಗ್ ನಿಯಮ ಅದಕ್ಕೆ ಎರಡು ಮುಂಭಾಗ ಎಂದೇ ಎಣಿಸುತ್ತದೆ. ಹಿತ್ತಲಿಗೆ ಸಾಮಾನ್ಯವಾಗಿ ಆರು ಅಡಿ; ಮುಂಭಾಗಕ್ಕೆ ಮೂರೋ ನಾಲ್ಕೋ ಅಡಿ, ಅದೂ ಸಂದಿನಲ್ಲಿ ಬೆಳಕು ಹಾಯುವಂಥ ಬೇಲಿ.

ಬೆಂಗಳೂರಿನಿಂದ ಹೋದವರಿಗೆ ಇದು ಇನ್ನಷ್ಟು ಚುಚ್ಚುತ್ತದೆ. ಕಾರ್ನರ್ ಸೈಟೆಂದರೆ ಬಿಡಿಎ ಬೇರೆಯಾಗಿಟ್ಟು ಹರಾಜಿಗೆ ಹಾಕುವ ಸೈಟು. ನೆಂಟರಿಷ್ಟರೆದುರು ಅದರ ಹೆಸರೆತ್ತುವಾಗ ದನಿಯೇ ಬೇರೆ. ಅಟ್ಲಾಂಟಿಕ್ ದಾಟಿದ ಮೇಲೆ ಅದೇ ಮೂಲೆ ಎರಡು ಕಡೆ ಹುಲ್ಲು ಕತ್ತರಿಸುವ, ಎರಡು ಕಡೆ ಹಿಮ ಬಳಿಯುವ ಮತ್ತು ಬೇಲಿಗಾಗಿ ಕೈಕಟ್ಟಿ ನಿಲ್ಲುವ ಹೊಣೆಯಾಗುತ್ತದೆ.

ತಿರುವಿನಲ್ಲಿ ಬರುವ ಕಾರಿನವರ ಕಣ್ಣಿಗೆ ಬೇಲಿ ಅಡ್ಡ ಬರಬಾರದು. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರಿರುವುದು ಆ ಮೂಲೆಯ ತ್ರಿಕೋನ ಬಿಟ್ಟು ಉಳಿದ ಐವತ್ತು ಅರವತ್ತು ಅಡಿ ಉದ್ದದ ಬಗ್ಗೆ. ಅಲ್ಲಿ ಯಾವ ಕಾರಿನ ಹಂಗೂ ಇಲ್ಲ. ಅಲ್ಲಿ ಅಡ್ಡ ನಿಂತಿರುವುದು ಒಂದು ಹಳೆಯ ಅಭಿರುಚಿ.

ಆ ಅಭಿರುಚಿಗೆ ಊರು, ಇಸವಿ ಎರಡೂ ಉಂಟು. 1869ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಶಿಕಾಗೊ ಬಳಿಯ ರಿವರ್‌ಸೈಡ್ ಎಂಬ ಉಪನಗರಕ್ಕೆ ನಕ್ಷೆ ಬರೆದರು. ಮನೆಗಳು ರಸ್ತೆಯಿಂದ 30 ಅಡಿ ಹಿಂದೆ ಸರಿದಿರಬೇಕು, ನಡುವೆ ಮರ ಇರಬೇಕು ಎಂಬುದು ಅವರ ಕಟ್ಟಳೆ. ಇಂಗ್ಲೆಂಡಿನ ಉಪನಗರಗಳ ಎತ್ತರದ ಗೋಡೆಗಳು ಓಮ್‌ಸ್ಟೆಡ್‌ಗೆ ಹಿಡಿಸಿರಲಿಲ್ಲ. ಮರುವರ್ಷ, 1870ರಲ್ಲಿ, ಫ್ರಾಂಕ್ ಜೆ. ಸ್ಕಾಟ್ ಎಂಬಾತ ಸಣ್ಣ ಮನೆಗಳ ಕೈತೋಟದ ಬಗ್ಗೆ ಒಂದು ಪುಸ್ತಕ ಬರೆದು, ಹಸಿರಿನ ಚೆಲುವನ್ನು ನೆರೆಯವರ ಕಣ್ಣಿಂದ ಮರೆಮಾಡುವುದು ಕ್ರೈಸ್ತ ಧರ್ಮಕ್ಕೇ ಸಲ್ಲದ ನಡತೆ ಎಂದು ಸಾರಿದ. ಬೀದಿಯುದ್ದಕ್ಕೂ ಒಂದರಿಂದ ಇನ್ನೊಂದಕ್ಕೆ ಹರಿದು ಹೋಗುವ ಹುಲ್ಲುಹಾಸು ಅಮೆರಿಕದ ಉಪನಗರದ ಮುಖವಾಗಿದ್ದು ಇಂಥವರ ಪ್ರಭಾವದಿಂದ. ನೋಡಲು ಅದು ನಿಜಕ್ಕೂ ಚೆಂದ. ಸಂಜೆ ಅಂಥ ಬೀದಿಯಲ್ಲಿ ನಡೆದವರು ಅದನ್ನು ಅಲ್ಲಗಳೆಯಲಾರರು. ಆದರೆ ತೋಟಗಾರರ ಚೆಲುವಿನ ಕಲ್ಪನೆಯೊಂದು ಕಾಲಕ್ರಮದಲ್ಲಿ ಅಡಿ, ಅಂಗುಲಗಳ ಕಾನೂನಾಗಿ, ಮಗು ರಸ್ತೆಗೆ ಓಡದಿರಲೆಂದು ಹಾಕುವ ಬೇಲಿಯನ್ನೂ ತಡೆಯುವಷ್ಟು ಬಲಿತರೆ ಅದನ್ನು ಪ್ರಶ್ನಿಸಲೇಬೇಕು.

ಅದಕ್ಕೂ ಹಿಂದೆ ಇದೇ ನೆಲದಲ್ಲಿ ಬೇಲಿ ಹಾಕದಿರುವುದೇ ತಪ್ಪಾಗಿತ್ತು. ವರ್ಜೀನಿಯಾ ವಸಾಹತಿನಲ್ಲಿ ದನ, ಹಂದಿಗಳು ಅಡ್ಡಾಡಿಕೊಂಡು ಮೇಯುತ್ತಿದ್ದ ಕಾಲ. ಬೆಳೆ ಇಟ್ಟವರೇ ಬೇಲಿ ಕಟ್ಟಿಕೊಳ್ಳಬೇಕು, ಕಟ್ಟದಿದ್ದರೆ ನಷ್ಟ ಅವರದೇ ಎಂದು 1630ರ ದಶಕದಲ್ಲೇ ಕಾನೂನು ಬಂತು. 1646ರ ಹೊತ್ತಿಗೆ ಸರಿಯಾದ ಬೇಲಿ ಎಂದರೆ ನಾಲ್ಕೂವರೆ ಅಡಿ ಎಂದು ಗೊತ್ತುಮಾಡಿದ್ದರು.

ಈಗ ಆ ಎತ್ತರ ಬೇಕಾದವರು ವೇರಿಯನ್ಸ್ ಕೇಳಬೇಕು. ನಿಯಮವನ್ನು ಇದೊಂದು ಸೈಟಿನ ಮಟ್ಟಿಗೆ ಸಡಿಲಿಸಿ ಎಂಬ ಬೇಡಿಕೆ ಅದು. 1916ರಲ್ಲಿ ನ್ಯೂಯಾರ್ಕ್ ನಗರ ಇಡೀ ಊರಿಗೆ ಝೋನಿಂಗ್ ತಂದಾಗ ಈ ಕಿಂಡಿಯೂ ಜೊತೆಗೇ ಬಂತು. ನ್ಯೂಜೆರ್ಸಿಯಲ್ಲಿ ಅರ್ಜಿ ಹೋಗುವುದು ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್ ಎಂಬ ಏಳು ಮಂದಿಯ ಮಂಡಳಿಗೆ. ಅಲ್ಲಿ ಅರ್ಜಿದಾರರು ಪ್ರಮಾಣ ಮಾಡಿ ಮಾತಾಡಬೇಕು. ಅನೇಕರು ಎಡವುವುದು ಅಲ್ಲೇ: ಅವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ಕಾನೂನು ಕೇಳುವುದು ನೆಲದ ಕಷ್ಟ. ಸೈಟು ವಿಪರೀತ ಕಿರಿದೇ, ಸೊಟ್ಟಗಿದೆಯೇ, ಇಳಿಜಾರೇ? ನಾಯಿ ಬೊಗಳುತ್ತದೆ, ಅತ್ತೆಯವರಿಗೆ ಮರೆ ಬೇಕು ಎಂಬುದು ಲೆಕ್ಕಕ್ಕಿಲ್ಲ. ಎರಡನೆಯ ದಾರಿಯೊಂದಿದೆ. ಬೇಲಿಯಿಂದ ಆಗುವ ಒಳಿತು ಕೆಡುಕಿಗಿಂತ ಹೆಚ್ಚೆಂದು ತೋರಿಸುವುದು. ಸರ್ವೆ ನಕ್ಷೆ, ನಾಲ್ಕು ದಿಕ್ಕಿನಿಂದ ತೆಗೆದ ಫೋಟೊ, ರಸ್ತೆಯಿಂದ ಬೇಲಿಗೆ ಎಷ್ಟು ಅಡಿ ಎಂಬ ಅಳತೆ ಕೈಯಲ್ಲಿದ್ದವರ ಮಾತಿಗೆ ಅಲ್ಲಿ ತೂಕ ಬರುತ್ತದೆ.

ಇಷ್ಟರ ನಡುವೆ ಒಂದು ಸಂಗತಿ ಮಾತ್ರ ಮನಸ್ಸು ಗೆಲ್ಲುತ್ತದೆ. ವಿಚಾರಣೆಗೆ ಕನಿಷ್ಠ 10 ದಿನ ಮೊದಲು, ಸುತ್ತ 200 ಅಡಿಯೊಳಗಿನ ಎಲ್ಲ ಆಸ್ತಿದಾರರಿಗೆ ಸರ್ಟಿಫೈಡ್ ಅಂಚೆಯಲ್ಲೋ ಕೈಯಾರೆಯೋ ನೋಟಿಸ್ ಮುಟ್ಟಿಸಬೇಕು. ಹೆಸರುಗಳ ಪಟ್ಟಿಯನ್ನು ಟೌನ್‌ಶಿಪ್ ಕೊಡಲೇಬೇಕು. ಹೆಸರಿಗೆ 25 ಸೆಂಟ್ ಅಥವಾ ಒಟ್ಟು 10 ಡಾಲರ್, ಯಾವುದು ಹೆಚ್ಚೋ ಅದಕ್ಕಿಂತ ಮೀರಿ ಕೇಳುವಂತಿಲ್ಲ. ರಾಬರ್ಟ್ ಫ್ರಾಸ್ಟ್ 1914ರಲ್ಲಿ ಪ್ರಕಟಿಸಿದ ‘ಮೆಂಡಿಂಗ್ ವಾಲ್’ ಕವಿತೆ ಇಲ್ಲಿ ನೆನಪಾಗುತ್ತದೆ. ಅದರಲ್ಲಿ ನೆರೆಯವನು ಗೋಡೆಯ ಪರವಾಗಿ ಆಡುವ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಗೋಡೆಯನ್ನು ಸಂಶಯದಿಂದ ನೋಡುವವನೇ ವಸಂತ ಬಂದಾಗ ಗುಡ್ಡದಾಚೆಗೆ ಮೊದಲು ಸುದ್ದಿ ಕಳಿಸುತ್ತಾನೆ, ಇಬ್ಬರೂ ಒಂದು ದಿನ ಗೊತ್ತುಮಾಡಿಕೊಂಡು ಗೋಡೆಯುದ್ದಕ್ಕೂ ನಡೆಯುತ್ತಾರೆ. ಆ ಭಾಗವೇ ಹೆಚ್ಚು ದೊಡ್ಡದು. ಮಲೆನಾಡಿನಲ್ಲೂ ಬೇಲಿ ಕಟ್ಟುವ ದಿನ ಪಕ್ಕದ ತೋಟದವರಿಗೆ “ನಾಳೆ ಬೇಲಿ ಕೆಲಸ, ಒಂಚೂರು ಬಂದು ಹೋಗಿ ಮಾರಾಯ್ರೆ” ಎಂದು ಹೇಳಿ ಕಳಿಸದಿದ್ದರೆ ಮುಂದೆ ಅದು ಗಡಿ ಜಗಳಕ್ಕೆ ತಿರುಗುತ್ತದೆ. ಎಷ್ಟೋ ವರ್ಷ ಎದುರುಬದುರು ಇದ್ದೂ ಹೆಸರು ಗೊತ್ತಿಲ್ಲದವರ ಕೈಗೆ ಒಂದು ಬೇಲಿಯ ಕಾಗದ ತಲುಪಿ, ಆ ನೆಪದಲ್ಲಿ ಬಾಗಿಲು ತಟ್ಟಿ ಮಾತಾಡುವಂತಾದರೆ, ಬೇಲಿ ಬರಲಿ ಬಿಡಲಿ, ಆ ಬೀದಿಗೆ ಒಳ್ಳೆಯದೇ. ಅಂಚೆಗೆ ಮೊದಲು ತಾವೇ ಹೋಗಿ ನಕ್ಷೆ ತೋರಿಸುವವರು ಜಾಣರು.

ಕೇಳಿಸಿಕೊಳ್ಳುವ ಈ ಪದ್ಧತಿ ಇರಲೇಬೇಕು. ತಿದ್ದಬೇಕಾದ್ದು ಎರಡು ಮುಂಭಾಗದ ನಿಯಮ. ಒಂದೇ ಬಗೆಯ ಸೈಟಿನವರು ಒಬ್ಬರ ಹಿಂದೊಬ್ಬರು ಒಂದೇ ವಿನಾಯಿತಿ ಕೇಳಿಕೊಂಡು ಬರುತ್ತಿದ್ದರೆ ದೋಷ ಸೈಟಿನದಲ್ಲ. ನ್ಯೂಜೆರ್ಸಿಯ ಕಾನೂನಿಗೂ ಇದು ಗೊತ್ತು. ಪ್ರತಿ ಬೋರ್ಡ್ ವರ್ಷಕ್ಕೊಮ್ಮೆಯಾದರೂ ತಾನು ತೀರ್ಮಾನಿಸಿದ ಅರ್ಜಿಗಳನ್ನು ತಿರುಗಿ ನೋಡಿ, ಯಾವ ನಿಯಮಕ್ಕೆ ಬೇಡಿಕೆ ಬಂತು, ಅದನ್ನು ಬದಲಿಸಬೇಕೇ ಎಂದು ವರದಿ ಬರೆದು ಊರಿನ ಆಡಳಿತಕ್ಕೂ ಪ್ಲಾನಿಂಗ್ ಬೋರ್ಡಿಗೂ ಕಳಿಸಬೇಕು. ಅಲ್ಲಿ ಮೂಲೆಮನೆಯಲ್ಲಿರುವ ಕನ್ನಡಿಗರು ಬೇಲಿ ಸಿಕ್ಕಿದ ಮೇಲೂ ಒಂದು ಸಂಜೆ ಬಿಡುವು ಮಾಡಿಕೊಂಡು ಆ ವರದಿಯನ್ನು ಕೇಳಿ ಪಡೆದು ಓದಲಿ, ಸಭೆಯಲ್ಲಿ ಎದ್ದು ನಿಂತು ಎರಡನೆಯ ಮುಂಭಾಗದ ಬಗ್ಗೆ ಮಾತಾಡಲಿ.